ಹೆಬ್ಬೆಟ್ಟು ಒತ್ತುವ ಮುನ್ನ





ಅಳತೆ-ತೂಕದಲ್ಲಿ ವಂಚಿಸುವವರನ್ನು ಎಚ್ಚರಿಸುತ್ತಲೇ ಆರಂಭವಾಗುವ ಒಂದು ಅಧ್ಯಾಯ ಪವಿತ್ರ ಕುರ್‌ಆನಿನಲ್ಲಿದೆ: ಅಲ್ ಮುತಫ್ಫಿಫೀನ್. ಅದನ್ನು ಕೇಳಿದಾಗ ನಮಗೆ ನೆನಪಾಗುವುದು ಅಂಗಡಿಯ ತಕ್ಕಡಿ. ಆಸ್ಪತ್ರೆಯ ಬಿಲ್ಲೂ ಒಂದು ತಕ್ಕಡಿಯೇ ಎಂದು ನಾವು ಯೋಚಿಸುವುದಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನರು ದೊಡ್ಡ ಕಾಯಿಲೆ ಬಂದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡಬೇಕು. ಆಗ ಬಡವನಿಗೆ ಆಸರೆಯಾಗಿರುವುದು 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಉಚಿತ.

ಹಣವಿರುವಲ್ಲಿ ವಂಚನೆಯೂ ನುಸುಳುತ್ತದೆ. ಒಂದು ದಿನ ಮಲಗಿದ್ದವನಿಗೆ ಐದು ದಿನದ ಲೆಕ್ಕ, ಮಾಡದ ಶಸ್ತ್ರಚಿಕಿತ್ಸೆಗೆ ಬಿಲ್ಲು, ಯೋಜನೆಯ ಹಣ ಪಡೆದ ಮೇಲೂ ರಶೀದಿಯಿಲ್ಲದೆ ರೋಗಿಯಿಂದ ವಸೂಲಿ. ಈ ಯೋಜನೆಯಡಿ ಮೃತರೆಂದು ದಾಖಲಾಗಿದ್ದ 3,446 ರೋಗಿಗಳ ಚಿಕಿತ್ಸೆಗೆಂದು ದೇಶದಲ್ಲಿ 6.97 ಕೋಟಿ ರೂಪಾಯಿ ಪಾವತಿಯಾಗಿದೆಯೆಂದು ಮಹಾಲೇಖಪಾಲರ ವರದಿಯೇ 2023ರಲ್ಲಿ ಹೇಳಿತು.

ನಮ್ಮ ಮಕ್ಕಳಲ್ಲಿಯೂ ಈಗ ವೈದ್ಯರಿದ್ದಾರೆ, ಸಂತೋಷ. ಅವರಿಗೆ ನಾವು ಹೇಳಬೇಕಾದುದಿದೆ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನೂ ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕುವುದನ್ನೂ 2002ರ ವೈದ್ಯಕೀಯ ನೀತಿ ನಿಯಮಾವಳಿ ದುರ್ನಡತೆಯೆಂದು ಪರಿಗಣಿಸಿದೆ. ನೋಂದಣಿ ಪಟ್ಟಿಯಿಂದ ಹೆಸರೇ ಹೋಗಬಹುದು. ಆಡಳಿತ ಮಂಡಳಿ ಹೇಳಿದ್ದರಿಂದ ಸಹಿ ಹಾಕಿದೆ ಎಂಬ ಸಬೂಬು ಇಲ್ಲಿಯೂ ನಡೆಯದು, ಪರಲೋಕದಲ್ಲಿಯೂ ನಡೆಯದು.

ಆದರೆ ವೈದ್ಯರನ್ನಷ್ಟೇ ದೂರಿ ನಾವು ಪಾರಾಗಲಾರೆವು. "ಹೋದರೆ ಸರಕಾರದ ಹಣ ತಾನೇ" ಎಂದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರು ಯಾರು? ಕಾರ್ಡಿಲ್ಲದ ನೆಂಟನಿಗೆ ತಮ್ಮ ಕಾರ್ಡು ಕೊಡುವವರು ಯಾರು? ಕನಿಕರದಿಂದಲೇ ಕೊಡುತ್ತಾರೆ, ನಿಜ. ಆದರೂ ಅದು ಸುಳ್ಳು ಸಾಕ್ಷಿ. ಅಲ್ಲದೆ ಆ 5 ಲಕ್ಷ ಇಡೀ ಕುಟುಂಬಕ್ಕೆ ಸೇರಿದ್ದು. ತಂದೆಯ ಜ್ವರಕ್ಕೆ ಸುಳ್ಳು ಬಿಲ್ಲು ಬರೆದರೆ, ಅದೇ ವರ್ಷ ತಾಯಿಯ ಹೃದಯ ಚಿಕಿತ್ಸೆಗೆ ಉಳಿಯುವುದು ಕಡಿಮೆ. ಇನ್ನೊಬ್ಬರ ಕಾಯಿಲೆ ನಿಮ್ಮ ಹೆಸರಿನ ದಾಖಲೆಗೆ ಸೇರಿದರೆ ಮುಂದೆ ನಿಮಗೆ ಔಷಧಿ ಕೊಡುವ ವೈದ್ಯರು ಅದನ್ನೇ ನಂಬುತ್ತಾರೆ.

ಆದ್ದರಿಂದ ಕಾಗದ ಓದಿಸಿಕೊಂಡು ಸಹಿ ಹಾಕಿರಿ. ಬಿಡುಗಡೆಯ ಚೀಟಿಯಲ್ಲಿರುವ ಚಿಕಿತ್ಸೆ ನಡೆದಿದೆಯೇ, ದಿನಗಳು ಸರಿಯೇ ನೋಡಿರಿ. ಮಸೀದಿ ಜಮಾಅತ್‌ಗಳಲ್ಲಿ ಓದು ಬಲ್ಲ ಇಬ್ಬರು ಯುವಕ ಯುವತಿಯರು ಈ ಸೇವೆಗೆ ಮುಂದಾದರೆ ಸಾಕು. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಪ್ರದರ್ಶಿಸಬೇಕೆಂದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ವಿಧಿಸುತ್ತದೆ. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವಂತಿಲ್ಲವೆಂಬುದು 2017ರ ತಿದ್ದುಪಡಿಯಲ್ಲಿದೆ. ದೂರನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ಕೊಡಬೇಕು. ಜೊತೆಯಲ್ಲಿ ಬಿಲ್ಲಿನ ಪ್ರತಿ ಇರಲಿ.