ಆಹಾರದಲ್ಲಿ ತುಪ್ಪದ ಸ್ಥಾನ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳಿಗಾಗಿ ನೆರೆದ ಈ ಸಭೆಯಲ್ಲಿ ತುಪ್ಪದ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಏಳುವ ವಾದಗಳಲ್ಲಿ ಇದೂ ಒಂದು. ಅಜ್ಜಿ ಹೋಳಿಗೆಯ ಮೇಲೆ ತುಪ್ಪ ಸುರಿಯಬಂದರೆ ಮೊಮ್ಮಗನು ತಾಟಿಗೆ ಕೈ ಅಡ್ಡ ಹಿಡಿಯುತ್ತಾನೆ. ಆಕೆಗೆ ಅದು ಅಮೃತ, ಆತನಿಗೆ ವಿಷ. ಮರಾಠಿಯ ‘ತೂಪ’ವೂ ನಮ್ಮ ‘ತುಪ್ಪ’ವೂ ಒಂದೇ ಮಾತಾಗಿರುವಂತೆ ಈ ವಾದವೂ ನೆರೆಮನೆಯಲ್ಲಿ ಅದೇ ರೀತಿ ನಡೆದಿರುತ್ತದೆ.

ವೈದ್ಯಗ್ರಂಥಗಳು ಏನೆನ್ನುತ್ತವೆ? ಚರಕಸಂಹಿತೆಯ ಸೂತ್ರಸ್ಥಾನದ 13ನೆಯ ಅಧ್ಯಾಯವು ಸ್ನೇಹದ್ರವ್ಯಗಳಿಗೇ ಮೀಸಲಾಗಿದೆ. ತುಪ್ಪ, ಎಣ್ಣೆ, ವಸೆ, ಮಜ್ಜೆ ಎಂಬ ನಾಲ್ಕರಲ್ಲಿ ತುಪ್ಪಕ್ಕೇ ಅಗ್ರಸ್ಥಾನ. ಇದಕ್ಕೆ ಕಾರಣ ರುಚಿಯಲ್ಲ. ಯಾವ ಮೂಲಿಕೆಯೊಡನೆ ಕಾಸಿದರೂ ಅದರ ಗುಣವನ್ನು ತನ್ನೊಳಗೆ ಸೇರಿಸಿಕೊಂಡು, ತನ್ನ ಗುಣವನ್ನೂ ಬಿಟ್ಟುಕೊಡದಿರುವುದೇ ತುಪ್ಪದ ವಿಶೇಷವೆಂದು ಅಲ್ಲಿ ಹೇಳಿದೆ. ಬ್ರಾಹ್ಮೀಘೃತ, ಕಲ್ಯಾಣಕಘೃತ, ಪಂಚಗವ್ಯಘೃತಗಳೆಲ್ಲ ಈ ತತ್ತ್ವದ ಮೇಲೆ ನಿಂತಿವೆ. ನೀರಿನ ಕಷಾಯಕ್ಕೆ ಇಳಿಯದ ಕೆಲವು ಸತ್ತ್ವಗಳು ಕೊಬ್ಬಿನಲ್ಲಿ ಕರಗುವುವೆಂಬುದು ಇಂದಿನ ರಸಾಯನಶಾಸ್ತ್ರಕ್ಕೂ ಒಪ್ಪಿಗೆಯಾದ ಮಾತು.

ತುಪ್ಪವು ವಾತಪಿತ್ತಗಳನ್ನು ಶಮನಗೊಳಿಸಿ ಸ್ವರವರ್ಣಗಳನ್ನೂ ಓಜಸ್ಸನ್ನೂ ವೃದ್ಧಿಪಡಿಸುವುದೆಂದು ಹೇಳಿದೆ. ನಿತ್ಯವೂ ಸೇವಿಸತಕ್ಕ ಆಹಾರಗಳನ್ನು ಎಣಿಸುವಾಗ ಚರಕವು ಅಕ್ಕಿ, ಹೆಸರು, ಜವೆ, ನೆಲ್ಲಿ, ಹಾಲುಗಳ ಜೊತೆಗೆ ತುಪ್ಪವನ್ನೂ ಹೇಳುತ್ತದೆ. ಹಾಲು ತುಪ್ಪಗಳ ನಿತ್ಯಾಭ್ಯಾಸವನ್ನು ರಸಾಯನಗಳಲ್ಲಿ ಶ್ರೇಷ್ಠವೆಂದೂ ಕರೆಯುತ್ತದೆ.

ಅಜ್ಜಿಯ ಪಕ್ಷದವರು ಇಷ್ಟನ್ನು ಹೇಳಿ ನಿಲ್ಲಿಸಿಬಿಡುತ್ತಾರೆ. ಗ್ರಂಥವು ಅಲ್ಲಿಗೆ ನಿಲ್ಲುವುದಿಲ್ಲ. ಅದರ ಮುಖ್ಯ ಪ್ರಶ್ನೆ ಉಣ್ಣುವವನ ಜಠರಾಗ್ನಿ ಎಂಥದು ಎಂಬುದು. ತುಪ್ಪದ ಪ್ರಮಾಣವನ್ನು ಕುಡಿದ ಸ್ನೇಹವು ಎಷ್ಟು ಹೊತ್ತಿಗೆ ಅರಗುವುದೆಂಬುದರಿಂದಲೇ ಹಿರಿದು, ನಡುವಣದು, ಕಿರಿದು ಎಂದು ವಿಂಗಡಿಸಿದ್ದಾರೆ. ಕಫ ಮೇದಸ್ಸುಗಳು ಬೆಳೆದವನಿಗೆ, ಅಜೀರ್ಣವಿದ್ದವನಿಗೆ, ಹೊಸದಾಗಿ ಜ್ವರ ಬಂದವನಿಗೆ ಅದು ಸಲ್ಲದು. ನಾವು ಕಂಡ ಒಂದು ಮನೆಯಲ್ಲಿ ಜ್ವರದ ಎರಡನೆಯ ದಿನವೇ ಮಗುವಿಗೆ ಶಕ್ತಿ ಬರಲೆಂದು ತುಪ್ಪದನ್ನ ಕಲಸಿ ಉಣಿಸಿದರು. ರಾತ್ರಿಯೆಲ್ಲ ಮಗು ವಾಂತಿ ಮಾಡಿಕೊಂಡಿತು. ಹೆತ್ತವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಬಹುದಿನ ಎಳೆದು ಹಳತಾದ ಜ್ವರಕ್ಕೆ ಹೇಳಿದ ತುಪ್ಪವನ್ನು ಅವರು ಹೊಸ ಜ್ವರಕ್ಕೆ ಕೊಟ್ಟಿದ್ದರು, ಅಷ್ಟೆ.

ನಮ್ಮ ಸೀಮೆಯ ಮಾತಿಗೆ ಬರೋಣ. ಖಿಲಾರಿ ಆಕಳು ಹಾಲಿಗಿಂತ ಎತ್ತಿನ ದುಡಿಮೆಗೆ ಹೆಸರಾದ ತಳಿ. ಗಡಿಗೆ ತುಂಬ ಮೊಸರು ಕೊಡುತ್ತ ಬಂದುದು ಪಂಢರಪುರಿ ಎಮ್ಮೆ. ಆಕಳ ತುಪ್ಪವೇ ಶ್ರೇಷ್ಠವೆಂದು ಗ್ರಂಥಗಳು ಹೇಳುವುದು ನಿಜ. ಆದರೆ ಎಮ್ಮೆಯ ತುಪ್ಪ ಉಂಡವರು ನಾಚಬೇಕಾದುದಿಲ್ಲ. ಅದು ಅರಗಲು ಜಡ, ತಂಪು. ಹೊಲದಲ್ಲಿ ಬೆವರಿಳಿಸಿ ದುಡಿದವನ ಹೊಟ್ಟೆಗೆ ಭಾರವಾಗದು. ಕಷ್ಟವೆಲ್ಲ ಇಲ್ಲಿದೆ: ಅಜ್ಜನು ಕುಂಟೆಯ ಹಿಂದೆ ನಡೆದು ಅರಗಿಸಿದ ತುಪ್ಪವನ್ನು ಮೊಮ್ಮಗನು ಕುರ್ಚಿಯಲ್ಲಿ ಕುಳಿತು ಅರಗಿಸಬೇಕಾಗಿದೆ.

5 ಗ್ರಾಮು ಹಿಡಿಯುವ ಸಣ್ಣ ಚಮಚೆಯ ತುಪ್ಪದಲ್ಲಿ ಸುಮಾರು 45 ಕ್ಯಾಲರಿಗಳಿವೆ. ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು. ಆದುದರಿಂದ ಆರೋಗ್ಯವಂತನು ದಿನಕ್ಕೆ ಒಂದೆರಡು ಸಣ್ಣ ಚಮಚೆಗಳನ್ನು, ಅದೂ ಎಣ್ಣೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿ, ಬಿಸಿ ಅನ್ನ ರೊಟ್ಟಿಗಳೊಡನೆ ಸೇವಿಸಿದರೆ ಸಾಕೆಂದು ನಮ್ಮ ಅಭಿಪ್ರಾಯ. ಹೃದ್ರೋಗವುಳ್ಳವರೂ ರಕ್ತದಲ್ಲಿ ಕೊಲೆಸ್ಟರಾಲು ಏರಿದವರೂ ತಮ್ಮ ವೈದ್ಯರ ಮಾತನ್ನು ಮೀರಬಾರದು. ತುಪ್ಪದ ವೇಷ ತೊಟ್ಟು 1937ರಿಂದ ಡಾಲ್ಡಾ ಎಂಬ ಹೆಸರಿನಲ್ಲಿ ಮನೆ ಹೊಕ್ಕ ವನಸ್ಪತಿಯ ಮಾತು ಬೇರೆ. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡೆಂದು ಕಂಡುಬಂದು, 2022ರಿಂದ ಅದನ್ನು ನೂರಕ್ಕೆ 2ರ ಮಿತಿಯೊಳಗೆ ಇಡಬೇಕೆಂದು ನಮ್ಮ ದೇಶದಲ್ಲಿ ಕಟ್ಟಳೆಯಾಗಿದೆ.

ತಾಯಂದಿರೆದುರಿಗೆ ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತೊಂದಿದೆ. ತುಪ್ಪ ಹೆಚ್ಚಾಯಿತೆಂದು ನಾವು ಚರ್ಚಿಸುವ ಮನೆಯಲ್ಲಿಯೇ ಅದನ್ನು ಕಾಣದವರೂ ಇದ್ದಾರೆ. ಬೆಣ್ಣೆ ಕಡೆದು ಕಾಸಿದವಳು ಎಲ್ಲರ ಕೊನೆಗೆ ಉಣ್ಣಲು ಕುಳಿತಾಗ ಆಕೆಯ ಪಾಲಿಗೆ ತಂಬಿಗೆಯ ತಳ. ಮಗನ ತಾಟಿಗೆ ಬಿದ್ದುದು ಮಗಳ ತಾಟಿಗೆ ಬೀಳುವುದಿಲ್ಲ. ಆಕೆಯೇ ಬಾಣಂತಿಯಾದಾಗ ವರ್ಷಗಳ ಬಾಕಿಯನ್ನು ಒಂದೇ ತಿಂಗಳಿನಲ್ಲಿ ತೀರಿಸುವವರಂತೆ ಸುರಿಯುತ್ತಾರೆ. ಚರಕವು ಬಾಣಂತಿಗೆ ಸ್ನೇಹವನ್ನು ಹೇಳಿರುವುದು ಹಸಿವಾದಾಗ, ಆಕೆಗೆ ಅರಗುವಷ್ಟು ಮಾತ್ರ. ಸ್ತ್ರೀಯರಿಗೆ ಕಡಿಮೆ ಬಡಿಸಿರೆಂದು ನಾವು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಆಹಾರವಿಚಾರವು ಕನ್ನಡಕ್ಕೆ ಹೊಸದಲ್ಲ. ಎರಡನೆಯ ಚಾವುಂಡರಾಯನು 11ನೆಯ ಶತಮಾನದಲ್ಲಿಯೇ ತನ್ನ ಲೋಕೋಪಕಾರದಲ್ಲಿ ಅಡುಗೆಯನ್ನೂ ವೈದ್ಯವನ್ನೂ ಕುರಿತು ಬರೆದನು. 12ನೆಯ ಶತಮಾನದ ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಇಂದು ತುಪ್ಪದ ಡಬ್ಬಿಯ ಮೇಲಿನ ಬರೆಹವನ್ನು ಓದಲು ನಾವು ಇನ್ನೊಬ್ಬರನ್ನು ಕರೆಯಬೇಕಾಗಿದೆ.

ಕೊನೆಗೆ, ಮನೆಯಲ್ಲಿ ನೆನಪಿಡಬೇಕಾದ ಎರಡು ಮೂರು ಸಂಗತಿಗಳು. ಜೇನನ್ನೂ ತುಪ್ಪವನ್ನೂ ಸಮತೂಕದಲ್ಲಿ ಬೆರೆಸುವುದನ್ನು ಆಯುರ್ವೇದವು ವಿರುದ್ಧಾಹಾರವೆಂದು ಬಿಟ್ಟಿದೆ. ಹುಟ್ಟಿದ ಕೂಸಿಗೆ ಜೇನು ತುಪ್ಪ ನೆಕ್ಕಿಸುವುದು ಹಳೆಯ ಸಂಸ್ಕಾರವೇ ಆಗಿದ್ದರೂ, ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದೆಂದು ಈಗ ಖಚಿತವಾಗಿದೆ. ಅದರ ಮೂಲಕ ಬರುವ ಬೊಟುಲಿಸಂ ಎಂಬ ರೋಗವು ಕೂಸಿನ ಉಸಿರನ್ನೇ ಕಟ್ಟಬಲ್ಲುದು. ಇನ್ನು, ಕಂಚಿನ ಪಾತ್ರೆಯಲ್ಲಿ ಹತ್ತು ದಿನ ಇಟ್ಟ ತುಪ್ಪವನ್ನು ಉಣ್ಣಬಾರದೆಂದು ಅಷ್ಟಾಂಗಹೃದಯವು ಹೇಳುತ್ತದೆ. ಚೀನೀ ಮಣ್ಣಿನ ಭರಣಿಯಾಗಲಿ ಗಾಜಿನ ಬಾಟಲಿಯಾಗಲಿ ಒಳ್ಳೆಯದು. ಒದ್ದೆ ಚಮಚೆ ಮಾತ್ರ ಅದರೊಳಗೆ ಇಳಿಯದಿರಲಿ.