ಗುಣವಾದದ್ದನ್ನು ಅಳೆಯುವ ಬಗೆ

ಯಲ್ಲಾಪುರದ ಕಡೆ ಹೋದವರು ಚಂದಗುಳಿಯ ಘಂಟೆ ಗಣಪತಿಯನ್ನು ನೋಡಿರುತ್ತೀರಿ. ಬೇಡಿದ್ದು ಕೈಗೂಡಿದರೆ ಘಂಟೆ ಕಟ್ಟುವುದು ಅಲ್ಲಿಯ ಹರಕೆ. ಏನು ಬೇಕೆಂದು ಮೊದಲೇ ಹೇಳಿಕೊಳ್ಳಬೇಕು. ಕೈಗೂಡಿತೋ ಇಲ್ಲವೋ ಎಂದು ತೀರ್ಮಾನಿಸುವವರೂ ಹರಕೆ ಹೊತ್ತವರೇ. ಖಿನ್ನತೆಯ ಚಿಕಿತ್ಸೆ ಕುರಿತ ಸಂಶೋಧನೆ ಈ ಎರಡು ಮಾತಿನಲ್ಲೂ ಬಹುಕಾಲ ಎಡವಿದೆ.

ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಖಿನ್ನತೆಯನ್ನು ಕೇಳಿಯೇ ತಿಳಿಯಬೇಕು. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಮಾಪಕವೇ ದಶಕಗಳ ಕಾಲ ಔಷಧ ಪರೀಕ್ಷೆಗಳ ಅಳತೆಗೋಲಾಯಿತು. ಅಂಕ ಹಾಕುವವರು ವೈದ್ಯರು. ಅದರ 17 ಅಂಶಗಳಲ್ಲಿ ಮೂರು ನಿದ್ದೆಗೇ ಮೀಸಲು; ಕೆಲಸ, ಆಸಕ್ತಿ ಎರಡಕ್ಕೂ ಸೇರಿ ಒಂದೇ ಒಂದು. ಅಂದಮೇಲೆ ಬರೀ ನಿದ್ದೆ ಬರಿಸುವ ಮಾತ್ರೆಯೂ ಅಂಕ ಇಳಿಸಬಲ್ಲದು. ಕೊನೆಕೊಯ್ಲಿನ ಹೊತ್ತಿಗೆ ಆ ಮನುಷ್ಯ ತೋಟಕ್ಕೆ ಇಳಿದನೇ ಎಂದು ಮನೆಯವರು ಕೇಳುವ ಪ್ರಶ್ನೆಗೆ ಅಲ್ಲಿ ಸಿಗುವ ಜಾಗ ಅಷ್ಟೇ.

ನಮ್ಮವರಿಗೆ ಯಾವುದು ಭಾರ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್, ಚನ್ನಬಸವಣ್ಣ ಮತ್ತಿತರರು 80 ರೋಗಿಗಳನ್ನು ವಿವರವಾಗಿ ಮಾತಾಡಿಸಿ 1996ರಲ್ಲಿ ಬರೆದರು: ಖಿನ್ನತೆ ತೀವ್ರವಾದಷ್ಟೂ ಕಳಂಕದ ಭಯ ಹೆಚ್ಚು, ಮೈಕೈ ನೋವಿನ ರೂಪದಲ್ಲಿ ಕಂಡಷ್ಟೂ ಆ ಭಯ ಕಡಿಮೆ. ಸೊಂಟನೋವು ಯಾರಿಗಾದರೂ ಬರುತ್ತದೆ, ಮನಸ್ಸಿನ ಕಾಯಿಲೆ ಎಂದರೆ ಮದುವೆ ಸಂಬಂಧಕ್ಕೇ ತೊಡಕು! ಈ ಭಯ ಇಳಿಯಿತೇ ಎಂದು ಹ್ಯಾಮಿಲ್ಟನ್ ಮಾಪಕ ಕೇಳುವುದಿಲ್ಲ. 2020ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯಲ್ಲಿ ರೋಗಿಗಳು, ಅವರ ಮನೆಯವರು, ವೈದ್ಯರು ಸೇರಿ 3,000ಕ್ಕೂ ಹೆಚ್ಚು ಜನ ಏನು ಗುಣವಾಗಬೇಕೆಂದು ಹೇಳಿದರು. ಮನಸ್ಸಿನ ಯಾತನೆ ಮತ್ತೆ ಮತ್ತೆ ಬಂತು. ಸಂಶೋಧಕರು ವಿರಳವಾಗಿ ಅಳೆಯುವುದೂ ಅದನ್ನೇ.

ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಮೇಲು. 2017ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ರೋಗಲಕ್ಷಣದ ಅಂಕದ ಜೊತೆಗೆ ಕೆಲಸಕ್ಕೆ ಹೋಗಲಾಗದ ದಿನಗಳನ್ನೂ ಹೆಂಗಸರ ಮೇಲೆ ಸಂಗಾತಿಯ ಹೊಡೆತವನ್ನೂ ಲೆಕ್ಕ ಹಿಡಿದರು. ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಕೊಟ್ಟ ಚಿಕಿತ್ಸೆಯಿಂದ ಎರಡೂ ಇಳಿದವು.

ಫಲಿತಾಂಶ ಕಂಡ ಮೇಲೆ ಅಳತೆ ಬದಲಿಸುವ ಚಾಳಿಗೆ ಮಾತ್ರ ಕಡಿವಾಣ ಬಿದ್ದಿದೆ. ಭಾರತದಲ್ಲಿ ಔಷಧ ಪ್ರಯೋಗ ನಡೆಸುವವರು 2009ರ ಜೂನ್ 15ರಿಂದ, ಮೊದಲ ರೋಗಿ ಸೇರುವ ಮುಂಚೆಯೇ ಏನನ್ನು ಅಳೆಯುತ್ತೇವೆಂದು ರಾಷ್ಟ್ರೀಯ ನೋಂದಣಿಯಲ್ಲಿ ಬರೆಯಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ನಿಮ್ಮನ್ನು ಅಂಥ ಅಧ್ಯಯನಕ್ಕೆ ಕರೆದರೆ ಸಹಿ ಹಾಕುವ ಮೊದಲು ಅದನ್ನೇ ಕೇಳಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.