ಮನೆಮಾತು ಮತ್ತು ಮನಸ್ಸಿನ ಪರೀಕ್ಷೆ



ಮಗುವಿನ ಬುದ್ಧಿಯನ್ನು ಯಾವ ನುಡಿಯಲ್ಲಿ ಅಳೆಯಬೇಕು? ಎರಡು ನುಡಿಗಳ ನಡುವೆ ಬಾಳುವ ನಮಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ.

ಫ್ರಾನ್ಸಿನ ಬೀನೆ ಮತ್ತು ಸಿಮೋನ್ ಎಂಬ ವಿದ್ವಾಂಸರು 1905ರಲ್ಲಿ ಬುದ್ಧಿಮಾಪನದ ಪದ್ಧತಿಯೊಂದನ್ನು ರಚಿಸಿದರು. ಅದನ್ನು ಶ್ರೀ ವಿ. ವಿ. ಕಾಮತರು ಮುಂಬಯಿ-ಕರ್ನಾಟಕದ ಮಕ್ಕಳಿಗಾಗಿ ಕನ್ನಡ, ಮರಾಠಿಗಳೆರಡರಲ್ಲಿಯೂ ಅಳವಡಿಸಿದರು. ಅವರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಪ್ರಶ್ನೆಯ ಭಾಷೆಯೇ ಅರಿಯದಿದ್ದಲ್ಲಿ ಉತ್ತರವು ಬುದ್ಧಿಗೆ ಸಾಕ್ಷಿಯಾಗಲಾರದೆಂಬ ಪಾಠವನ್ನು ಆ ಶ್ರಮದಿಂದ ನಾವು ಕಲಿಯಬೇಕು.

ನಮ್ಮ ಕಬನೂರು, ಇಚಲಕರಂಜಿಗಳಲ್ಲಿ ಮನೆಯೊಳಗೆ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿಯನ್ನೋದುವ ಮಕ್ಕಳಿದ್ದಾರೆ. ಅಂಥ ಮಗು ಓದಿನಲ್ಲಿ ತಡವರಿಸಿದರೆ ದಡ್ಡನೆಂದು ಹಳಿಯುವುದು ಅನ್ಯಾಯ. ಭಾಷೆಯ ತೊಡಕಷ್ಟೇ ಎಂದು ಸುಮ್ಮನಿರುವುದೂ ಅನ್ಯಾಯವೇ. ಎಷ್ಟು ಕಲಿಸಿದರೂ ಮನೆಮಾತಿನಲ್ಲಿಯೂ ಅಕ್ಷರ ಹತ್ತದ ಮಗುವಿಗೆ ಕಲಿಕೆಯ ನ್ಯೂನತೆಯಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅದನ್ನೂ ಆಟಿಸಮ್ಮನ್ನೂ ಮನ್ನಿಸಿದೆ. ಎರಡೂ ನುಡಿಗಳಲ್ಲಿ ಪರೀಕ್ಷಿಸಿದಾಗಲೇ ನಿಜಸ್ಥಿತಿ ತಿಳಿದೀತು.

ಮರೆವು ಕವಿದ ಮುದುಕರ ಮಾತೂ ಇದೇ. ವಾರ, ತಿಂಗಳುಗಳ ಹೆಸರನ್ನು ಪರನುಡಿಯಲ್ಲಿ ಕೇಳಿದರೆ ಅವರ ಮೌನವು ಮರೆವೋ ಅಪರಿಚಯವೋ ತಿಳಿಯುವುದೆಂತು?

ಆದುದರಿಂದ ತಜ್ಞರ ಬಳಿಗೆ ಹೋದಾಗ ಮನೆಮಾತು ಕನ್ನಡವೆಂದು ಮೊದಲೇ ತಿಳಿಸೋಣ. ಕನ್ನಡ ಬಲ್ಲವರಿಂದಲೇ ಪರೀಕ್ಷೆಯಾಗಲೆಂದು ಕೋರೋಣ. ಮಗುವಿನ ಮನಸ್ಸನ್ನು ಅದರ ಮಾತಿನಲ್ಲಿಯೇ ಕೇಳುವ ವ್ಯವಸ್ಥೆಗಾಗಿ ದುಡಿಯುವುದೂ ಕನ್ನಡದ ಸೇವೆಯೇ.